ಅಂಪಾರೋ ಮನೆಯೊಡತಿಯಾದ ಚಳಿಗಾಲ

ಆ ಸಂಜೆ ಅಂಪಾರೋ ಕಾರ್ಖಾನೆಯ ಪಾಳಿ ಮುಗಿಸಿ ಬಂದು, ಕೋಟನ್ನೂ ತೆಗೆಯದೆ, ಹೆಂಚಿನ ಮೇಲೆ ಎರಡು ಮೆಕ್ಕೆಜೋಳದ ರೊಟ್ಟಿ ಹಾಕಿದ್ದಳು. ಹೊರಗೆ ನವೆಂಬರಿನ ಗಾಳಿ ಸರೋವರದ ಕಡೆಯಿಂದ ಬೀಸಿ ಬಂದು ಕಿಟಕಿಯ ಚೌಕಟ್ಟನ್ನು ಅಲುಗಿಸುತ್ತಿತ್ತು. ಅಷ್ಟರಲ್ಲಿ ಅಡುಗೆಮನೆಯ ಮೂಲೆಯ ಕೊಳವೆಯಲ್ಲಿ ಸದ್ದಾಯಿತು. ಟಣ್, ಟಣ್, ಟಣ್. ಮೇಲಿನ ಮನೆಯಲ್ಲಿ ಯಾರೋ ಚಮಚದಿಂದ ಬಡಿಯುತ್ತಿದ್ದರು.

ಅವಳ ಕೈ ತಾನಾಗಿ ಚಮಚಗಳ ಡಬ್ಬಿಯತ್ತ ಹೋಯಿತು. ದೊಡ್ಡ ಸೌಟೊಂದನ್ನು ಹಿಡಿದು, ನಗುತ್ತ, ತಾನೂ ಕೊಳವೆಗೆ ಬಡಿಯಲು ಎತ್ತಿದವಳು ಅಲ್ಲೇ ನಿಂತಳು. ಬಡಿದರೆ ಕೇಳಿಸಿಕೊಳ್ಳುವವರು ಯಾರು? ಕೆಳಗಿನ ಮುದುಕ ಮನೆ ಮಾರಿ ಹೋಗಿ ಮೂರು ತಿಂಗಳಾಗಿತ್ತು. ಮನೆ ಈಗ ಅವಳದು. ಆ ಸದ್ದು ಅವಳಿಗೇ ಬರುತ್ತಿತ್ತು.

ರೊಟ್ಟಿ ಸೀದ ವಾಸನೆ ಬಂದಮೇಲೆ ಸೌಟು ಕೆಳಗಿಟ್ಟಳು.

ಅದು ಶಿಕಾಗೋದ ಇಪ್ಪತ್ತಾರನೇ ರಸ್ತೆಯ ಹಿಂಬದಿಯ ಒಂದು ಹಳೇ ಇಟ್ಟಿಗೆ ಮನೆ. ಮೂರು ಅಂತಸ್ತು, ಅಂತಸ್ತಿಗೊಂದು ಸಂಸಾರ. ನೆಲಮಾಳಿಗೆಯಲ್ಲಿ ಆನೆಮರಿಯ ಗಾತ್ರದ ಬಾಯ್ಲರ್ ಇತ್ತು. ಅದರಲ್ಲಿ ಕಾದ ಹಬೆ ಕೊಳವೆ ಹಿಡಿದು ಕೆಳಮನೆ, ನಡುಮನೆ, ಮೇಲ್ಮನೆ ಎಂದು ಏರಿ, ಕಿಟಕಿಗಳ ಕೆಳಗೆ ಪಕ್ಕೆಲುಬು ಬಿಟ್ಟುಕೊಂಡು ನಿಂತ ಕಬ್ಬಿಣದ ರೇಡಿಯೇಟರುಗಳನ್ನು ಕಾಯಿಸಬೇಕು. ಮಾಲೀಕ ಕುಬಾತ್ ಎಂಬ ಚೆಕ್ ಮುದುಕ ಕೆಳಮನೆಯಲ್ಲಿದ್ದ. ಬಾಯ್ಲರ್ ಉರಿದರೆ ತನ್ನ ಮೈಯ ರಕ್ತವೇ ಉರಿಯುತ್ತದೆ ಎನ್ನುವ ಹಾಗೆ ಇರುತ್ತಿದ್ದ. ಚಳಿ ತಡೆಯದಾದಾಗ ನಡುಮನೆಯ ಅಂಪಾರೋ ಕೊಳವೆಗೆ ಒಂದು ಬಡಿಯುವಳು. ಮೇಲ್ಮನೆಯಿಂದ ಒಫೇಲಿಯಾ ಎರಡು ಬಡಿಯುವಳು. ಮುದುಕ ಜಗ್ಗದಿದ್ದರೆ ಇಬ್ಬರೂ ಸೇರಿಕೊಂಡು ಮದುವೆಮನೆ ವಾದ್ಯದ ಹಾಗೆ ಬಾರಿಸುವರು. ಕಡೆಗೆ ಕೆಳಗೆ ಬಾಯ್ಲರ್ ಗುರ್ ಅಂದಾಗ ಅಂಪಾರೋ ಮೆಟ್ಟಿಲಿಗೆ ಬಂದು ಮೇಲಕ್ಕೆ ಕೂಗುವಳು: "ಎದ್ದ ಕಣೇ ಮುದುಕ!"

"ಎದ್ದಿದ್ದು ಮುದುಕ ಅಲ್ಲ ಕಣೇ, ಅವನ ಹೆಂಡ್ತಿ ದೆವ್ವ! ಕಾಫಿ ಇಟ್ಟಿದೀನಿ, ಬಾ."

ಹದಿನಾರು ವರ್ಷ ಹೀಗೆ ನಡೆದಿತ್ತು. ಒಫೇಲಿಯಾಳ ಮಗಳು ಸಿತ್ಲಾಲಿ ಹುಟ್ಟಿದಾಗ ಜ್ಞಾನಸ್ನಾನದಲ್ಲಿ ಮಗುವನ್ನು ಎತ್ತಿ ಹಿಡಿದು ಎರಡನೇ ತಾಯಿಯಾದವಳು ಅಂಪಾರೋ. ಅಂದಿನಿಂದ ಇಬ್ಬರೂ ಒಬ್ಬರಿಗೊಬ್ಬರು ಕೊಮಾದ್ರೆ. ಮಗುವಿನ ಮೂಲಕ ಬಂದ ನಂಟು ಅದು, ದೇವರೆದುರು ಕಟ್ಟಿದ್ದು. ಅವರ ಜನರಲ್ಲಿ ಒಡಹುಟ್ಟಿದವರಿಗಿಂತ ಒಂದು ಕೈ ಮೇಲು. ಅಂಪಾರೋಳಿಗೆ ಮಕ್ಕಳಿರಲಿಲ್ಲ. ಗಂಡ ಫೆರ್ಮಿನ್ ಇದ್ದ. ಇನ್ನೊಬ್ಬರ ಛಾವಣಿಗಳ ಮೇಲೆ ಟಾರು ಬಳಿಯುತ್ತ ಬದುಕಿದವನು ಅಂಥದೇ ಒಂದು ಛಾವಣಿಯಿಂದ ಜಾರಿ ಬಿದ್ದು ಹೋಗಿಬಿಟ್ಟ. ಆಸ್ಪತ್ರೆಯಿಂದ ಅವಳನ್ನು ಕರೆತಂದವಳು ಒಫೇಲಿಯಾ. ಒಂಬತ್ತು ದಿನ ಜಪಸರ ಹಿಡಿದು ಪಕ್ಕದಲ್ಲಿ ಕೂತವಳೂ, ಊಟ ಬೇಡವೆಂದವಳ ಬಾಯಿಗೆ ಚಮಚದಲ್ಲಿ ಸಾರು ಬಿಟ್ಟವಳೂ ಅವಳೇ.

ಒಂದೂವರೆ ವರ್ಷದ ಮೇಲೆ ಕುಬಾತ್ ಅಂಪಾರೋಳನ್ನು ಕರೆದ. ಕಾಲು ಸೋತಿದೆ, ಸೋದರಸೊಸೆಯ ಊರಿಗೆ ಹೋಗುತ್ತೇನೆ, ಮನೆ ಕೊಳ್ಳುವೆಯಾ ಎಂದು ಕೇಳಿದ. ಗಂಡನ ಸಾವಿಗೆ ಬಂದ ಪರಿಹಾರ ಬ್ಯಾಂಕಿನಲ್ಲಿ ಹಾಗೇ ಇತ್ತು; ಅದನ್ನು ಮುಟ್ಟಲು ಅವಳಿಗೆ ಮನಸ್ಸಿರಲಿಲ್ಲ. ಛಾವಣಿಯಿಂದ ಬಿದ್ದವನ ದುಡ್ಡು ಒಂದು ಛಾವಣಿಯೇ ಆಗಲಿ ಅನ್ನಿಸಿತು. ಒಪ್ಪಿದಳು.

"ಕಾಗದಪತ್ರ ಮುಗಿಯೋವರೆಗೂ ಯಾರಿಗೂ ಬಾಯಿ ಬಿಡಬೇಡ," ಅಂದಿದ್ದ ಮುದುಕ.

ಅವಳು ಬಿಡಲಿಲ್ಲ. ಒಫೇಲಿಯಾಳಿಗೂ ಹೇಳಲಿಲ್ಲ. ಮುದುಕನ ಮಾತು ಒಂದು ನೆಪವಾಗಿತ್ತು. ಒಫೇಲಿಯಾ ಮತ್ತು ಅವಳ ಗಂಡ ಎಲಿಯಾಸ್ ಸ್ವಂತ ಮನೆಗಾಗಿ ಬಿಡಿಗಾಸನ್ನೂ ಬಿಡದೆ ಕೂಡಿಹಾಕುತ್ತಿದ್ದರೆಂಬುದು ಅವಳಿಗೆ ಗೊತ್ತಿತ್ತು. ಎಲಿಯಾಸ್ ಹಿಂದೆ ಒಮ್ಮೆ ಇದೇ ಮನೆಯನ್ನು ಕೇಳಲು ಹೋದಾಗ ಕುಬಾತ್ ಅವನ ಮುಖದೆದುರೇ ನಕ್ಕು ಕಳಿಸಿದ್ದೂ ಗೊತ್ತಿತ್ತು. ನಾಳೆ ಹೇಳಿದರಾಯಿತು, ಭಾನುವಾರ ಹೇಳಿದರಾಯಿತು ಎಂದು ದಿನ ತಳ್ಳಿದಳು. ಕಡೆಗೆ ಬಟ್ಟೆ ಒಗೆಯುವ ಅಂಗಡಿಯಲ್ಲಿ, ಸಾಲಾಗಿ ತಿರುಗುವ ಯಂತ್ರಗಳ ಮುಂದೆ, ಯಾರೋ ಒಫೇಲಿಯಾಳಿಗೆ "ನಿಮ್ಮ ಕೊಮಾದ್ರೆಗೆ ಮನೆ ಬಂತಂತಲ್ಲ, ಬಾಡಿಗೆ ಕಮ್ಮಿ ಮಾಡ್ತಾಳೇನು?" ಎಂದು ಕೇಳಿದರು.

ಒಫೇಲಿಯಾ ಜಗಳವಾಡಲಿಲ್ಲ. ಜಗಳವಾಡಿದ್ದರೆ ಚೆನ್ನಾಗಿತ್ತು. ಮೊದಲ ತಾರೀಖು ಬಾಡಿಗೆಯನ್ನು ಲಕೋಟೆಯಲ್ಲಿ ಹಾಕಿಕೊಂಡು ಬಂದು ಬಾಗಿಲಲ್ಲೇ ನಿಂತು, "ತಗೊಳ್ಳಿ ದೋನ್ಯಾ ಅಂಪಾರೋ, ಎಣಿಸಿಕೊಂಡುಬಿಡಿ," ಅಂದಳು.

ದೋನ್ಯಾ ಅಂದರೆ ಅಮ್ಮನವರು. ಗೌರವದ ಮಾತು. ಅಂಪಾರೋ ತಮಾಷೆ ಎಂದುಕೊಂಡು, "ಏನೇ ಇದು, ದೋನ್ಯಾ ಗೀನ್ಯಾ ಅಂತ? ಒಳಗೆ ಬಾರೇ," ಅಂದಳು.

"ಒಲೆ ಮೇಲೆ ಅಡುಗೆ ಇಟ್ಟು ಬಂದಿದೀನಿ. ಬರ್ತೀನಿ."

ಅವತ್ತಿನಿಂದ ನೀನು ಹೋಗಿ ನೀವು ಬಂತು.

ಆ ನವೆಂಬರ್ ಸಂಜೆ ಸೀದ ರೊಟ್ಟಿಯನ್ನು ತೆಗೆದಿಟ್ಟು ಅಂಪಾರೋ ಮೇಲೆ ಹೋದಳು. ಒಫೇಲಿಯಾ ಎರಡು ಸ್ವೆಟರ್ ಹಾಕಿಕೊಂಡಿದ್ದಳು. ಅಡುಗೆಮನೆಯಲ್ಲಿ ಓವನ್ ಬಾಗಿಲು ತೆರೆದಿತ್ತು. ಅದರ ಮುಂದೆ ಕುರ್ಚಿ ಎಳೆದುಕೊಂಡು ಸಿತ್ಲಾಲಿ ಶಾಲೆಯ ಪಾಠ ಓದುತ್ತಿದ್ದಳು. ಅಂಪಾರೋ ರೇಡಿಯೇಟರ್ ಮೇಲೆ ಅಂಗೈ ಇಟ್ಟಳು. ಸಮಾಧಿ ಕಲ್ಲು ಮುಟ್ಟಿದ ಹಾಗಿತ್ತು.

"ಓವನ್ ಹಾಗೆ ತೆಗೆದಿಡಬೇಡ ಕಣೇ, ಗ್ಯಾಸು ತಲೆಗೇರುತ್ತೆ."

"ಮತ್ತೇನು ಮಾಡೋಣ ಹೇಳಿ?" ಒಫೇಲಿಯಾಳ ದನಿಯಲ್ಲಿ ಸಿಟ್ಟಿರಲಿಲ್ಲ. ಬ್ಯಾಂಕಿನ ಗುಮಾಸ್ತೆಯ ಹತ್ತಿರ ಮಾತಾಡುವ ದನಿ. "ಮಗು ಕೆಮ್ತಾ ಇದೆ. ಮಾಲೀಕರು ನೀವು. ನಿಮಗೆ ಹೇಳ್ದೆ ಇನ್ಯಾರಿಗೆ ಹೇಳೋದು?"

"ಈಗಲೇ ನೋಡ್ತೀನಿ," ಅಂದಳು ಅಂಪಾರೋ. ಒಲೆಯ ಮೇಲೆ ದಾಲ್ಚಿನ್ನಿ ಹಾಕಿದ ಕಾಫಿ ಕುದಿಯುತ್ತಿತ್ತು. ಒಂದು ಲೋಟ ಕೊಡಬಹುದೆಂದು ಕ್ಷಣ ಕಾದಳು. ಒಫೇಲಿಯಾ ಬಾಗಿಲು ಹಿಡಿದುಕೊಂಡೇ ನಿಂತಿದ್ದಳು.

ಬಿಸಿ ಹೆಚ್ಚು ಕಡಿಮೆ ಮಾಡುವ ಡಬ್ಬಿ ಕೆಳಮನೆಯ ಗೋಡೆಯಲ್ಲಿತ್ತು. ಕುಬಾತ್ ಅದಕ್ಕೆ ಬೀಗ ಹಾಕಿಟ್ಟಿದ್ದ. ಬೀಗದ ಕೈ ಈಗ ಅಂಪಾರೋಳ ಬಳಿ. ಕೆಳಮನೆಗೆ ಹೊಸದಾಗಿ ಬಂದಿದ್ದ ದೋನ್ ತ್ರಿನೋ ಎಂಬ ನಿವೃತ್ತ ರೈಲ್ವೆ ಕೂಲಿಗಾರ ಬನಿಯನ್ನಿನಲ್ಲೇ ಬಾಗಿಲು ತೆಗೆದ. ಅವನ ಮನೆ ಬೇಕರಿಯ ಹಾಗೆ ಬೆಚ್ಚಗಿತ್ತು. ಅಂಪಾರೋ ಡಬ್ಬಿ ತೆರೆದು ಮುಳ್ಳನ್ನು ಮೇಲಕ್ಕೆ ತಿರುಗಿಸಿ ಹೋದಳು.

ಮಾರನೇ ದಿನ ಅವಳು ಕೆಲಸದಿಂದ ಬರುವಷ್ಟರಲ್ಲಿ ದೋನ್ ತ್ರಿನೋ ಮೆಟ್ಟಿಲ ಬುಡದಲ್ಲೇ ಕಾದಿದ್ದ.

"ಅಲ್ಲಾ ದೋನ್ಯಾ, ನನ್ನೇನು ಮಾವಿನಕಾಯಿ ಅಂದ್ಕೊಂಡ್ರಾ? ಅಡೆ ಹಾಕಿ ಹಣ್ಣು ಮಾಡ್ತಿದೀರಲ್ಲ!"

"ಮೇಲಿನೋರಿಗೆ ಚಳಿ, ದೋನ್ ತ್ರಿನೋ."

"ಮೇಲಿನೋರಿಗೆ ಚಳಿ ಅಂದ್ರೆ ಕೆಳಗಿನೋನ್ನ ಬೇಯಿಸ್ತಾರಾ? ಕಿಟಕಿ ಎಲ್ಲಾ ತೆಗೆದಿಟ್ಟಿದೀನಿ. ನಿನ್ನೆ ಬೆವತು ಬೆವತು ಹೆಂಡ್ತಿ ಫೋಟೋನೂ ಬೆವತುಬಿಡ್ತು."

ಹೊರಗೆ ಹೋಗಿ ನೋಡಿದರೆ ನಿಜವೇ. ಕೆಳಮನೆಯ ಕಿಟಕಿಗಳೆಲ್ಲ ಬಾಯಿ ತೆರೆದಿದ್ದವು. ಅವಳು ದುಡ್ಡು ಕೊಟ್ಟು ಕಾಯಿಸಿದ ಹಬೆ ಬೀದಿಗೆ ಹೋಗುತ್ತಿತ್ತು. ಮೇಲ್ಮನೆಯ ರೇಡಿಯೇಟರ್ ಮುಟ್ಟಿದರೆ ಮಾತ್ರ ಉಗುರುಬೆಚ್ಚಗೂ ಇರಲಿಲ್ಲ.

ಅಂಗಡಿಗೆ ಹೋಗಿ ಕರೆಂಟಿನ ಹೀಟರ್ ಒಂದನ್ನು ಕೊಂಡು ಮೇಲ್ಮನೆಯ ಬಾಗಿಲಲ್ಲಿಟ್ಟು ಬಂದಳು. ಎರಡು ದಿನಕ್ಕೆ ಅದು ಅವಳ ಬಾಗಿಲಿಗೇ ವಾಪಸು ಬಂತು. ಹಳೇ ತಂತಿ ಅದರ ಭಾರ ತಾಳದೆ ಮನೆಯೆಲ್ಲ ಕತ್ತಲಾಯಿತೆಂದು ಎಲಿಯಾಸ್ ಕ್ಷಮೆ ಕೇಳುವವನ ಹಾಗೆ ಹೇಳಿದ. ಅವನು ಮೆದು ಮನುಷ್ಯ. ಟೋಪಿಯನ್ನು ಕೈಯಲ್ಲಿ ತಿರುವುತ್ತ, "ಬೇಜಾರು ಮಾಡ್ಕೋಬೇಡಿ ಕೊಮಾ..." ಎಂದವನು ನಾಲಿಗೆ ಕಚ್ಚಿಕೊಂಡು, "...ದೋನ್ಯಾ," ಅಂದ.

ಮುಂದಿನ ದಿನಗಳಲ್ಲಿ ಅಂಪಾರೋ ಕಾರ್ಖಾನೆಯಿಂದ ಬಂದವಳು ನೆಲಮಾಳಿಗೆಗೆ ಇಳಿಯುವಳು. ಬಾಯ್ಲರಿನ ಮುಂದೆ ಮಗುಚಿದ ಬಕೆಟ್ ಮೇಲೆ ಕೂತು ಅದರ ಹೊಟ್ಟೆಯ ಗುಡುಗುಡು ಕೇಳುವಳು. ನೀರು ಎಷ್ಟಿದೆ ಎಂದು ತೋರಿಸುವ ಗಾಜಿನ ನಳಿಕೆ ನೋಡುವಳು. ಫೆರ್ಮಿನ್ ಇದ್ದಿದ್ದರೆ ಅಂಗಿ ತೋಳು ಮಡಚಿ ಯಾವುದನ್ನೋ ತಿರುಪಿ, ಬಯ್ದು, ಸರಿಮಾಡಿ, ಮೇಲೆ ಬಂದು ಬಿಯರ್ ಕೇಳುತ್ತಿದ್ದ. ಇವಳಿಗೆ ಏನು ಮುಟ್ಟಿದರೆ ಏನಾಗುವುದೋ ಎಂಬ ಭಯ. ಕೆಳಗಿನವನು ಸೆಕೆ ಅನ್ನುತ್ತಾನೆ, ಮೇಲಿನವಳು ಚಳಿ ಅನ್ನುತ್ತಾಳೆ. ನಡುಮನೆಯಲ್ಲಿರುವ ತನಗೆ ಸೆಕೆಯೋ ಚಳಿಯೋ ಎಂದು ಯಾರೂ ಕೇಳಲಿಲ್ಲ. ತಾನೂ ಕೇಳಿಕೊಳ್ಳಲಿಲ್ಲ.

ಕೆಲಸದ ಜಾಗದಲ್ಲಿ ಈ ಕಷ್ಟ ಹೇಳಿಕೊಳ್ಳೋಣವೆಂದರೆ ಅದೂ ಆಗಲಿಲ್ಲ. ರೊಟ್ಟಿ ಪೊಟ್ಟಣ ಕಟ್ಟುವ ಸಾಲಿನ ಹೆಂಗಸರೆಲ್ಲ ಬಾಡಿಗೆ ಮನೆಯವರು. ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಒಬ್ಬಳು ತನ್ನ ಮಾಲೀಕನನ್ನು ಬಯ್ಯುತ್ತಿದ್ದಳು: ಬಿಸಿ ಬಿಡಲ್ಲ, ಇಲಿ ಹಿಡಿಯಲ್ಲ, ಬಾಡಿಗೆಗೆ ಮಾತ್ರ ಯಮ. ಅಂಪಾರೋ ಹಳೇ ರೂಢಿಯಿಂದ ತಾನೂ ಒಂದು ಬೈಗುಳ ಸೇರಿಸಲು ಬಾಯಿ ತೆರೆದಳು. ಮಾತಾಡುತ್ತಿದ್ದವಳು ಅವಳನ್ನು ಕಂಡು, "ನಿನ್ನಂಥೋರು ಎಲ್ಲರೂ ಹಾಗಲ್ಲ ಬಿಡು," ಅಂದು ಮಾತು ತಿರುಗಿಸಿದಳು. ಅಂಪಾರೋ ಡಬ್ಬಿಯ ಮುಚ್ಚಳ ಹಾಕಿದಳು.

ಡಿಸೆಂಬರಿನಲ್ಲಿ ನಗರಸಭೆಯ ಇನ್‌ಸ್ಪೆಕ್ಟರ್ ಬಂದ. ದಪ್ಪ ಕೋಟು, ಎದೆಗೆ ತೂಗುಹಾಕಿದ ಗುರುತಿನ ಚೀಟಿ, ಕೈಯಲ್ಲಿ ಪುಟ್ಟ ಉಷ್ಣಮಾಪಕ. ಮೇಲ್ಮನೆಯಿಂದ ದೂರು ಬಂದಿದೆ ಅಂದ. ಅಂಪಾರೋ ಅವನ ಹಿಂದೆ ಮೆಟ್ಟಿಲು ಹತ್ತಿದಳು. ಹತ್ತುವಾಗ ಅವಳಿಗೆ ನೆನಪಾಯಿತು: ಹಿಂದೆ ಒಂದು ಚಳಿಗಾಲ ಕುಬಾತ್ ತೀರ ಹಟ ಹಿಡಿದಾಗ, ಇಂಥ ನಂಬರಿಗೆ ಫೋನ್ ಮಾಡಿ ದೂರು ಕೊಡಬಹುದು ಎಂದು ಯಾರನ್ನೋ ಕೇಳಿ ತಿಳಿದು ಬಂದವಳು ತಾನೇ. ಸರ್ಕಾರದವರೆಂದರೆ ನಡುಗುತ್ತಿದ್ದ ಒಫೇಲಿಯಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಹೆದರಬೇಡ ಕಣೇ, ನಿನ್ನ ಹೆಸರು ಹೇಳು, ಮನೇಲಿ ಮಗು ಇದೆ ಅನ್ನು, ಅಳೋ ಹಾಗೆ ಹೇಳು," ಎಂದು ಪಾಠ ಮಾಡಿದ್ದೂ ತಾನೇ. ಆಗ ಇಬ್ಬರೂ ಫೋನಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಇನ್‌ಸ್ಪೆಕ್ಟರ್ ಕೋಣೆಯ ನಡುವೆ ನಿಂತು ಉಷ್ಣಮಾಪಕ ಹಿಡಿದ. ಒಫೇಲಿಯಾ ನೆಲ ನೋಡುತ್ತಿದ್ದಳು.

"ಕಾನೂನಿಗಿಂತ ಬಹಳ ಕಡಿಮೆ ಇದೆ. ಮಾಲೀಕರು ಯಾರು?" ಎಂದ.

ಅಂಪಾರೋ ಯಾರನ್ನೋ ಹುಡುಕುವವಳ ಹಾಗೆ ಬಾಗಿಲ ಕಡೆ ನೋಡಿದಳು.

"ಇವರೇ," ಅಂದಳು ಒಫೇಲಿಯಾ.

ಹದಿನೈದು ದಿನದೊಳಗೆ ಸರಿಮಾಡಿಸದಿದ್ದರೆ ದಂಡ ಎಂದು ಹೇಳಿ ಅವನು ಹೋದ. ಅವನ ಬೂಟಿನ ಸದ್ದು ಮೆಟ್ಟಿಲಿಳಿದು ಹೋಯಿತು. ಆಮೇಲೆ ಒಫೇಲಿಯಾ, "ಮಗು ಕೆಮ್ಮು ನಿಲ್ಲಲಿಲ್ಲ. ಅದಕ್ಕೇ," ಅಂದಳು.

"ನೀನು ಮಾಡಿದ್ದು ಸರಿಯೇ," ಅಂದಳು ಅಂಪಾರೋ. ಮನಸ್ಸಿನಿಂದಲೇ ಅಂದಳು. ಆದರೂ ತನ್ನ ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಬಹಳ ಹೊತ್ತು ಕೋಟು ತೂಗುಹಾಕುವ ಗೂಟದ ಕೆಳಗೇ ನಿಂತುಬಿಟ್ಟಳು.

ಬಾಯ್ಲರ್ ರಿಪೇರಿಗೆ ಪಕ್ಕದ ಸಿಸೆರೋ ಊರಿನಿಂದ ಒಬ್ಬ ಬಂದ. ಹೆಚ್ಚು ಮಾತಿನವನಲ್ಲ. ನೆಲಮಾಳಿಗೆಯ ಕೊಳವೆಯ ತುದಿಯಲ್ಲಿ ತುಕ್ಕು ಹಿಡಿದು ಮುಚ್ಚಿಹೋದ ಹಿತ್ತಾಳೆಯ ಮೂತಿಯೊಂದನ್ನು ಬಿಚ್ಚಿ ತೋರಿಸಿದ. ಕೊಳವೆಯೊಳಗಿನ ಗಾಳಿ ಹೊರಗೆ ಹೋಗದೆ ಹಬೆಗೆ ದಾರಿಯಿಲ್ಲ. ಹಬೆ ಮೇಲೆ ಮುಟ್ಟುವ ಮೊದಲೇ ಕೆಳಮನೆ ಕಾದು ಅಲ್ಲಿನ ಗೋಡೆಯ ಡಬ್ಬಿ ಬಾಯ್ಲರನ್ನು ಆರಿಸಿಬಿಡುತ್ತದೆ. ಅಷ್ಟೇ ರೋಗ. ಅದನ್ನು ಬದಲಿಸಿದ. "ರೇಡಿಯೇಟರಿಗೂ ಇಂಥದೇ ಚಿಕ್ಕ ಮೂತಿ ಇರುತ್ವೆ. ಮೇಲಿನ ಮನೇವು ಹೊಸದು ಹಾಕ್ಬೇಕು. ಅದಕ್ಕೆ ನಾನ್ಯಾಕೆ, ನೀವೇ ತಿರುಗಿಸಿಕೊಳ್ಳಿ," ಎಂದು ಹೇಳಿ ಹೋದ.

ಶನಿವಾರ ಅಂಪಾರೋ ಫೆರ್ಮಿನ್‌ನ ಸ್ಪ್ಯಾನರ್ ಹಿಡಿದು ಮೇಲೆ ಹೋದಳು. ಬಾಗಿಲಲ್ಲಿ ಚಪ್ಪಲಿ ಬಿಡಲು ಬಗ್ಗಿದಾಗ ಒಫೇಲಿಯಾ, "ಇರಲಿ, ಹಾಗೇ ಬನ್ನಿ, ಪರವಾಗಿಲ್ಲ," ಅಂದಳು. ಹಿಂದೆ ಚಪ್ಪಲಿ ಬಿಡದೆ ಒಳಗೆ ಬಂದರೆ ಪೊರಕೆ ಎತ್ತಿಕೊಂಡು ಬರುತ್ತಿದ್ದವಳು.

ಮಂಡಿಯೂರಿ ಕೂತು ಅಂಪಾರೋ ಒಂದೊಂದೇ ಹಳೇ ಮೂತಿ ಬಿಚ್ಚಿದಳು. ಬಣ್ಣದ ಮೇಲೆ ಬಣ್ಣ ಬಳಿದು ಕೂತಿದ್ದ ಅವು ಸುಲಭಕ್ಕೆ ಬರಲಿಲ್ಲ. ಮಲಗುವ ಕೋಣೆಯ ಮೂತಿ ಬಿಚ್ಚುವಾಗ ಸ್ಪ್ಯಾನರ್ ಜಾರಿ ಬೆರಳ ಗಂಟು ಒಡೆದು ರಕ್ತ ಬಂತು. ಒಫೇಲಿಯಾ ಥಟ್ಟನೆ ಒಂದು ಹೆಜ್ಜೆ ಮುಂದೆ ಬಂದಳು. ಬಂದವಳು ನಿಂತು, ಹೆಗಲ ಮೇಲಿದ್ದ ಬಟ್ಟೆಯನ್ನು ಚಾಚಿದಳು. ಅಂಪಾರೋ ತಗೊಂಡು ಬೆರಳಿಗೆ ಸುತ್ತಿಕೊಂಡಳು.

ಕೆಳಗೆ ಬಾಯ್ಲರ್ ಹತ್ತಿತು. ಸ್ವಲ್ಪ ಹೊತ್ತಿಗೆ ಹೊಸ ಮೂತಿಗಳೆಲ್ಲ ಸುಸ್ ಎಂದು ಉಸಿರು ಬಿಟ್ಟವು. ಕಬ್ಬಿಣ ಟಿಕ್ ಟಿಕ್ ಎಂದು ಹಿಗ್ಗಿತು. ಸಿತ್ಲಾಲಿ ಓಡಿಬಂದು ರೇಡಿಯೇಟರಿಗೆ ಬೆನ್ನು ಹಚ್ಚಿ, "ಬಂತು! ಬಿಸಿ ಬಂತು ಮದ್ರೀನಾ!" ಎಂದು ಕೂಗಿದಳು. ಜ್ಞಾನಸ್ನಾನದ ತಾಯಿಯನ್ನು ಕರೆಯುವ ಹೆಸರು ಅದು. ಹುಡುಗಿ ತಾಯಿಯ ಮುಖ ನೋಡಿ ಸುಮ್ಮನಾದಳು.

"ತುಂಬಾ ಉಪಕಾರ ಆಯ್ತು," ಅಂದಳು ಒಫೇಲಿಯಾ.

ಅಂಪಾರೋ ಹಳೇ ಮೂತಿಗಳನ್ನು ಚೀಲಕ್ಕೆ ಹಾಕಿಕೊಂಡಳು. ಇನ್ನೇನಾದರೂ ಮಾಡುವುದಿದೆಯೇ ಎಂದು ಸುತ್ತ ನೋಡಿದಳು. ಏನೂ ಇರಲಿಲ್ಲ.

ಆಮೇಲೆ ಮೇಲ್ಮನೆಗೆ ಹೋಗಲು ಕಾರಣವೇ ಉಳಿಯಲಿಲ್ಲ. ಮನೆಯೆಲ್ಲ ಒಂದೇ ಸಮ ಬೆಚ್ಚಗಾಯಿತು. ದೋನ್ ತ್ರಿನೋ ಕಿಟಕಿ ಮುಚ್ಚಿ ಬನಿಯನ್ ಮೇಲೆ ಅಂಗಿ ಹಾಕಿಕೊಂಡ. ಫೋನ್ ಬರಲಿಲ್ಲ, ಕೊಳವೆಗೆ ಯಾರೂ ಬಡಿಯಲಿಲ್ಲ. ಸಂಜೆ ಊಟಕ್ಕೆ ಕೂತಾಗ ತಲೆಯ ಮೇಲೆ ಕುರ್ಚಿ ಎಳೆಯುವ ಸದ್ದು, ಎಲಿಯಾಸ್‌ನ ಕೆಮ್ಮು, ತಾಯಿಮಗಳ ನಗು ಕೇಳಿಸುತ್ತಿತ್ತು. ಯಾವ ಮಾತಿಗೆ ನಕ್ಕರೆಂದು ತಿಳಿಯುತ್ತಿರಲಿಲ್ಲ. ರೇಡಿಯೋ ಹಾಕಿದರೆ ಆ ಸದ್ದು ಮುಚ್ಚಿಹೋಗುತ್ತದೆಂದು ಅಂಪಾರೋ ರೇಡಿಯೋ ಹಾಕುತ್ತಿರಲಿಲ್ಲ.

ಕ್ರಿಸ್‌ಮಸ್ ಹಾಗೇ ಹೋಯಿತು. ಜನವರಿಯಲ್ಲಿ ಮೂರು ರಾಜರ ಹಬ್ಬ ಬಂತು. ಆ ದಿನ ಬಳೆಯಾಕಾರದ ದೊಡ್ಡ ಸಿಹಿ ಬ್ರೆಡ್ ಕೊಯ್ಯುತ್ತಾರೆ. ಒಳಗೆ ಬಾಲಯೇಸುವಿನ ಪುಟ್ಟ ಗೊಂಬೆ ಹುದುಗಿರುತ್ತದೆ. ಯಾರ ತುಂಡಿನಲ್ಲಿ ಸಿಕ್ಕಿತೋ ಅವರು ಫೆಬ್ರವರಿ ಎರಡರಂದು ಎಲ್ಲರಿಗೂ ತಮಾಲೆ, ಅಂದರೆ ಮೆಕ್ಕೆಜೋಳದ ಸಿಪ್ಪೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ ಕಡುಬು, ಮಾಡಿ ಬಡಿಸಬೇಕು. ಪ್ರತಿ ವರ್ಷ ಒಫೇಲಿಯಾಳ ಮನೆಯಲ್ಲೇ ಕೊಯ್ಯುತ್ತಿದ್ದರು. ಈ ಸಲ ಕರೆ ಬರಲಿಲ್ಲ. ಸಿತ್ಲಾಲಿ ಒಂದು ತುಂಡನ್ನು ತಟ್ಟೆಯಲ್ಲಿ ತಂದು ಕೊಟ್ಟು ಹೋದಳು. ಅಂಪಾರೋ ಒಬ್ಬಳೇ ಕೂತು ಕಚ್ಚಿದಾಗ ಹಲ್ಲಿಗೆ ಗೊಂಬೆ ತಾಗಿತು.

ಅವಳಿಗೆ ನಿಜವಾಗಿ ಖುಷಿಯಾಯಿತು. ಇದು ದೇವರು ಕೊಟ್ಟ ಕೆಲಸ, ಯಾರೂ ಬೇಡವೆನ್ನುವ ಹಾಗಿಲ್ಲ. ಜೋಳದ ಸಿಪ್ಪೆಗಳನ್ನು ಹಿಂದಿನ ದಿನವೇ ನೆನೆಹಾಕಿದಳು. ಹಿಟ್ಟನ್ನು, ಒಂದು ಉಂಡೆ ನೀರಿನಲ್ಲಿ ತೇಲುವವರೆಗೆ, ಕೈ ಸೋಲುವಷ್ಟು ನಾದಿದಳು. ಹಂದಿಮಾಂಸದ ಕೆಂಪು ತಮಾಲೆ, ಕೋಳಿಯ ಹಸಿರು ತಮಾಲೆ, ಸಿತ್ಲಾಲಿಗೆಂದು ದ್ರಾಕ್ಷಿ ಹಾಕಿದ ಸಿಹಿಯದು. ಎರಡು ಮನೆಗೂ ಹೋಗಿ ಕರೆದು ಬಂದಳು.

ದೋನ್ ತ್ರಿನೋ ಎಲ್ಲರಿಗಿಂತ ಮುಂಚೆ ಬಂದು ಗಡದ್ದಾಗಿ ತಿಂದ. "ದೋನ್ಯಾ, ಬಿಸಿಯೂ ಸರಿ, ತಮಾಲೆಯೂ ಸರಿ. ಬಾಡಿಗೆ ಹೆಚ್ಚು ಮಾಡೋಕೆ ಹೊರಟಿದೀರಾ ಹೇಗೆ?" ಎಂದು ತಾನೇ ನಕ್ಕು, ಒಂದು ಪೊಟ್ಟಣ ಕಟ್ಟಿಸಿಕೊಂಡು ಹೋದ. ಆಮೇಲೆ ಎಲಿಯಾಸ್ ಮಗಳ ಜೊತೆ ಬಂದ. ಕುರ್ಚಿಯ ತುದಿಯಲ್ಲಿ ಕೂತು ಎರಡು ತಿಂದು, ಚೆನ್ನಾಗಿದೆ ಎಂದು, ಬಚ್ಚಲ ನಲ್ಲಿ ಸೋರುತ್ತಿರುವ ವಿಷಯ ಹೇಳಿ ಎದ್ದ. ಒಫೇಲಿಯಾ ಬರಲಿಲ್ಲ. ತಲೆನೋವಂತೆ.

ಅಂಪಾರೋ ಸ್ವಲ್ಪ ಹೊತ್ತು ಕೂತಿದ್ದಳು. ಆಮೇಲೆ ತಟ್ಟೆ ತುಂಬಿಸಿಕೊಂಡು, ಮೇಲೆ ಬಟ್ಟೆ ಮುಚ್ಚಿ, ಮೆಟ್ಟಿಲು ಹತ್ತಿದಳು.

ಬಾಗಿಲು ತೆಗೆದ ಒಫೇಲಿಯಾಳ ತಲೆಗೆ ಪಟ್ಟಿ ಏನೂ ಇರಲಿಲ್ಲ. ಹಿಂದೆ ನೆಲದ ಮೇಲೆ ರಟ್ಟಿನ ಪೆಟ್ಟಿಗೆಗಳಿದ್ದವು.

"ತಗೋ. ನೀನು ಬರಲಿಲ್ಲ," ಅಂದಳು ಅಂಪಾರೋ.

"ನೀವು ಯಾಕೆ ಹತ್ತಿ ಬರೋಕೆ ಹೋದ್ರಿ? ಹುಡುಗಿ ಹತ್ರ ಕಳಿಸಿದ್ರೆ ಆಗ್ತಿತ್ತು."

"ನೀವು ನೀವು ಅನ್ಬೇಡ ಕಣೇ. ಬೇಕಾದ್ರೆ ಬಯ್ಯಿ. ಇನ್ನೂ ಎಷ್ಟು ದಿನ ಹೀಗೆ?"

ಒಫೇಲಿಯಾ ತಟ್ಟೆ ತಗೊಳ್ಳಲಿಲ್ಲ. ಅವಳ ಕತ್ತಿನ ನರ ಎದ್ದಿತು. ಆಮೇಲೆ ಮಾತು ಹೊರಟದ್ದು ಒಂದೇ ಬಾರಿಗೆ, ಕಟ್ಟೆ ಒಡೆದ ಹಾಗೆ.

"ಬಯ್ಯಬೇಕಾ? ಹೇಳ್ತೀನಿ ಕೇಳು ಹಾಗಾದ್ರೆ. ಮನೆ ತಗೊಂಡೆ, ಸಂತೋಷ. ಫೆರ್ಮಿನ್ ಸತ್ತ ದುಡ್ಡು, ನಿನ್ನ ಹಕ್ಕು, ನಾನ್ಯಾಕೆ ಹೊಟ್ಟೆ ಉರ್ಕೊಳ್ಳಲಿ? ಆದ್ರೆ ನಿತ್ಯ ನನ್ನ ಕಾಫಿ ಕುಡ್ಕೊಂಡು ಇದೇ ಕುರ್ಚೀಲಿ ಕೂತಿದ್ದೆಯಲ್ಲೇ! ನನ್ನ ಮುಖ ನೋಡ್ಕೊಂಡು ಹೇಗೆ ಮುಚ್ಚಿಟ್ಕೊಂಡೆ? ನಾನು ಅಲ್ಲಿ ಕೊಳೆ ಬಟ್ಟೆ ಹಿಡ್ಕೊಂಡು ನಿಂತಿದೀನಿ, ಕಂಡೋರೆಲ್ಲ ಹಲ್ಲು ಬಿಡ್ತಾರೆ, ನನಗೊಬ್ಬಳಿಗೇ ಗೊತ್ತಿಲ್ಲ! ನಾನೇನು ನಿನಗೆ ಅಡ್ಡ ಬರ್ತಿದ್ನಾ? ಏನಂದ್ಕೊಂಡಿದ್ದೆ ನನ್ನ?"

"ನಿನಗೆ ನೋವಾಗುತ್ತೆ ಅಂತ..."

"ಸುಳ್ಳು ಹೇಳಬೇಡ. ನಾನು ಅತ್ತರೆ ನೀನು ಬಿಟ್ಟುಕೊಡಬೇಕಾಗುತ್ತೆ ಅಂತ ಹೆದರಿದೆ. ಅಷ್ಟೇ."

ಅದು ನಿಜವಿತ್ತು, ತನಗೆ ತಾನೇ ಅಷ್ಟು ಸ್ಪಷ್ಟವಾಗಿ ಅಂಪಾರೋ ಎಂದೂ ಹೇಳಿಕೊಂಡಿರಲಿಲ್ಲ. ಮುಖಕ್ಕೆ ಹೊಡೆದ ಹಾಗೆ ಬೀಳುತ್ತಿದ್ದ ಒಂದೊಂದು 'ನೀನು' ಅವಳಿಗೆ ಬಹಳ ದಿನ ಉಪವಾಸವಿದ್ದವಳ ಬಾಯಿಗೆ ಬಿದ್ದ ಅನ್ನದ ಹಾಗಿತ್ತು. ಇನ್ನೂ ಬಯ್ಯಲಿ ಎಂದುಕೊಂಡಳು.

"ಹೌದು. ಹೆದರಿದೆ ಕಣೇ. ನನ್ನದು ತಪ್ಪು," ಅಂದಳು.

ಒಫೇಲಿಯಾ ಉಸಿರು ಬಿಟ್ಟಳು. ಸಿಟ್ಟು ಇಳಿಯುತ್ತಿದ್ದ ಹಾಗೆ ಮುಖವೂ ಸೋತು ಇಳಿಯಿತು. ತಟ್ಟೆ ತಗೊಂಡಳು. ಬಟ್ಟೆ ಎತ್ತಿ ನೋಡಿ, "ದ್ರಾಕ್ಷೀದೂ ಮಾಡಿದೀಯಾ," ಅಂದಳು. ಆಮೇಲೆ, ಪೆಟ್ಟಿಗೆಗಳ ಕಡೆ ತಿರುಗದೆಯೇ, "ಬರ್ವಿನ್‌ನಲ್ಲಿ ಒಂದು ಮನೆ ಸಿಕ್ಕಿದೆ. ಚಿಕ್ಕದು. ತಿಂಗಳ ಕೊನೆಗೆ ಹೋಗ್ತೀವಿ. ನಾಳೆ ಬಂದು ನಿಮಗೆ... ನಿನಗೆ ಹೇಳೋಣ ಅಂತಿದ್ದೆ," ಅಂದಳು.

"ಸ್ವಂತದ್ದಾ?"

"ಸ್ವಂತದ್ದು."

"ಒಳ್ಳೇದಾಯ್ತು ಕಣೇ," ಅಂದಳು ಅಂಪಾರೋ. ಅದೂ ನಿಜವೇ ಆಗಿತ್ತು. ಒಳಗೆ ಬಾ ಎಂದು ಒಫೇಲಿಯಾ ಕರೆದಳು. ಅಂಪಾರೋ ಹೋದಳು. ಪೆಟ್ಟಿಗೆಯೊಂದರ ಮೇಲೆ ಕೂತಳು. ಹದಿನಾರು ವರ್ಷದ ಮಾತು ಒಂದೇ ಸಂಜೆಗೆ ಮರಳಿ ಬರಲಿಲ್ಲ. ಬರ್ವಿನ್‌ನ ಮನೆಗೆ ಎಷ್ಟು ಕೋಣೆ, ಸಿತ್ಲಾಲಿಗೆ ಯಾವ ಶಾಲೆ, ಇಂಥದನ್ನು ಮಾತಾಡಿದರು. ಅರ್ಧ ಲೋಟ ಕಾಫಿ ಕುಡಿದು ಕೆಳಗಿಳಿದಳು.

ತಿಂಗಳ ಕೊನೆಗೆ ಎಲಿಯಾಸ್‌ನ ತಮ್ಮಂದಿರು ಲಾರಿ ತಂದರು. ಒಫೇಲಿಯಾ ಬೀಗದ ಕೈ ಕೊಟ್ಟು ಅಂಪಾರೋಳನ್ನು ತಬ್ಬಿಕೊಂಡಳು. ಕೋಟಿನ ಮೇಲೆ ಕೋಟು, ಇಬ್ಬರಿಗೂ ಮೈ ಸಿಗಲಿಲ್ಲ. ಭಾನುವಾರ ಬರ್ತಾ ಇರು ಎಂದಳು. ಬಸ್ಸಿನಲ್ಲಿ ಹೋದರೆ ಬರ್ವಿನ್ ದೂರವೇನಲ್ಲ. ಅಂಪಾರೋ ಹೋದಳು ಕೂಡ, ಈಸ್ಟರಿಗೆ ಒಮ್ಮೆ, ಹುಡುಗಿಯ ಹುಟ್ಟುಹಬ್ಬಕ್ಕೆ ಒಮ್ಮೆ. ಅಲ್ಲಿ ಒಫೇಲಿಯಾಳಿಗೆ ಹೊಸ ನೆರೆಹೊರೆಯವರಿದ್ದರು. ಅವರ ಹಿತ್ತಲಲ್ಲಿ ಯಾರ ಯಾರದೋ ಮಕ್ಕಳು ಓಡಾಡುತ್ತಿದ್ದರು. ಅಂಪಾರೋಳನ್ನು "ಇವಳು ನನ್ನ ಕೊಮಾದ್ರೆ" ಎಂದೇ ಪರಿಚಯಿಸಿದಳು. ಅಂಪಾರೋ ಒಳ್ಳೆಯ ಬಟ್ಟೆಯಲ್ಲಿ ಕೂತು, ಕೊಟ್ಟದ್ದನ್ನು ತಿಂದು, ಕತ್ತಲಾಗುವ ಮೊದಲು ಬಸ್ಸು ಹಿಡಿದಳು.

ಮೇಲ್ಮನೆಗೆ ವೆನೆಜುವೆಲಾದಿಂದ ಬಂದ ಗಂಡಹೆಂಡಿರನ್ನು ಇಟ್ಟುಕೊಂಡಳು. ಎಳೆಯ ವಯಸ್ಸಿನವರು, ಹಿಮವನ್ನೇ ಕಂಡಿರದವರು. ಅಕ್ಟೋಬರಿನಲ್ಲಿ, ಅವರು ಏನೂ ಕೇಳುವ ಮೊದಲೇ, ಅಂಪಾರೋ ಮೇಲೆ ಹೋಗಿ ರೇಡಿಯೇಟರುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ತಿರುಪನ್ನು ಪೂರ್ತಿ ತೆರೆಯಬೇಕು ಇಲ್ಲವೇ ಪೂರ್ತಿ ಮುಚ್ಚಬೇಕು, ಅರ್ಧ ಬಿಟ್ಟರೆ ನೀರು ನಿಂತು ಹೊಡೆದುಕೊಳ್ಳುತ್ತದೆ ಎಂದು ತೋರಿಸಿಕೊಟ್ಟಳು. ಹೆಂಡತಿ ತಲೆಯಾಡಿಸುತ್ತ ಕೇಳಿದಳು.

"ಒಂಚೂರು ಕೂತ್ಕೊಳ್ಳಿ ಅಮ್ಮಾ, ಕಾಫಿ ಮಾಡ್ತೀನಿ," ಅಂದಳು.

"ಅಯ್ಯೋ, ಬೇಡಮ್ಮ, ನಿಮಗೆ ತೊಂದರೆ ಯಾಕೆ? ಏನಾದ್ರೂ ಸರಿ ಇಲ್ಲ ಅಂದ್ರೆ ಫೋನ್ ಮಾಡಿ," ಎಂದು ಅಂಪಾರೋ ಹೊರಗೆ ಬಂದಳು.

ಹಿಂದೆ ಬಾಗಿಲು ಮೆಲ್ಲಗೆ ಮುಚ್ಚಿತು. ಮೆಟ್ಟಿಲ ತಿರುವಿನಲ್ಲಿ ಅವಳು ಕಟಾಂಜನ ಹಿಡಿದು ನಿಂತಳು. ಹೂಂ ಅನ್ನಬಹುದಿತ್ತು. ಯಾಕೆ ಬೇಡ ಅಂದೆ ಎಂದು ತನ್ನನ್ನೇ ಕೇಳಿಕೊಂಡಳು. ಮತ್ತೆ ಹತ್ತಿ ಹೋಗಿ, ಮಾಡಮ್ಮ, ಕುಡಿದೇ ಹೋಗ್ತೀನಿ ಎನ್ನುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ. ಮೇಲೆ ಎಳೆಯ ದಂಪತಿ ಏನೋ ಮಾತಾಡಿಕೊಳ್ಳುತ್ತಿದ್ದರು. ಸ್ವಲ್ಪ ಹೊತ್ತು ಅಲ್ಲಿದ್ದು, ಅವಳು ಕೆಳಗಿಳಿದು ತನ್ನ ಬಾಗಿಲು ತೆಗೆದಳು.